ಪಕ್ಕದಲ್ಲಿ ಹಾರುವ ವಿಮಾನ

ಕಳೆದ ಭಾನುವಾರ ಮಡಕಶಿರದಲ್ಲಿ, ಬಿಸಿ ಮುದ್ದೆಯ ಮುಂದೆ ಕೂತು ನಾನು ಯುದ್ಧವಿಮಾನದಿಂದ ಪೆಟ್ಟು ತಿಂದೆ. ನಗಬೇಡಿ.

ನಿಮಗೆ ಗೊತ್ತಲ್ಲ, ನನ್ನದು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಸಣ್ಣ ಅಂಗಡಿ. ನಾಲ್ಕು ಮಿಷನ್ನು. ಹೆಂಡತಿ ಸುಜಾತ ಮಡಕಶಿರದಲ್ಲಿ ಟೀಚರ್, ಮನೆ ಬಸ್‌ಸ್ಟ್ಯಾಂಡಿನ ಪಕ್ಕ. ಮದುವೆಯಾದಾಗ 'ಎರಡೇ ವರ್ಷ, ಆಮೇಲೆ ಒಂದೇ ಊರು' ಅಂದುಕೊಂಡಿದ್ದೆವು. ಈಗ ಒಂಬತ್ತಾಯಿತು! "ಮಿಷನ್ ಇಲ್ಲಿಗೇ ತನ್ನಿ" ಎಂದು ಅವಳು. "ರಾಯದುರ್ಗ ಬಿಟ್ರ ಜೀನ್ಸ್ ಎಲ್ಲಿ ನಡೀತದ?" ಎಂದು ನಾನು. ಶನಿವಾರ ಎರಡು ಬಸ್ಸು ಬದಲಿಸಿ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ ವಾಪಸ್.

ಅವಳ ತಮ್ಮ ಹರೀಶ ಎಂಜಿನಿಯರ್. ಅವತ್ತು ಊಟಕ್ಕೆ ಬಂದಿದ್ದ. ಅವನ ಕೆಲಸವೇನು ಗೊತ್ತೇ? ಯುದ್ಧವಿಮಾನದ ಎಂಜಿನ್ ಇನ್ನೂ ಕಾಗದದ ಮೇಲಿರುವಾಗಲೇ, ಮುಂದೆ ಪೈಲಟ್‌ಗಳು ಅದನ್ನು ಹೇಗೆಲ್ಲ ದುಡಿಸಿಕೊಳ್ಳುತ್ತಾರೆ ಎಂದು ಊಹಿಸುವುದು.

"ಹುಟ್ಟದ ಎಂಜಿನ್ನಿನ ಜಾತಕ ಹೆಂಗ ಬರೀತೀಯಪಾ?" ಎಂದೆ.

"ಹಳೇ ವಿಮಾನಗಳ ದಾಖಲೆ ನೋಡ್ತೀವಿ ಭಾವ, ಪೈಲಟ್‌ಗಳ್ನ ಕೇಳ್ತೀವಿ. ಆದ್ರೂ ಊಹೆ ತಪ್ತೈತೆ. ಎಷ್ಟು ಗಂಟೆ ಹಾರ್ತು ಅನ್ನೋದು ಸಾಲಲ್ಲ. ಎಷ್ಟು ಸಲ ವೇಗ ಏರ್ಸಿ ಇಳ್ಸಿದ್ರು, ಅದೇ ಸವೆಸೋದು. ಎರಡು ವಿಮಾನ ಜೊತೇಲಿ ಹೋಯ್ತಾವೆ ಅನ್ಕೊಳ್ಳಿ. ಮುಂದಿಂದು ಒಂದೇ ಸಮ ಹೋಯ್ತದೆ. ಪಕ್ಕದ್ದು ಅದರ ಜೊತೆ ತಪ್ಪದಂಗೆ ಏರ್ಸಿ ಇಳ್ಸಿ, ಏರ್ಸಿ ಇಳ್ಸಿ... ಅಷ್ಟೇ ಹೊತ್ತು ಹಾರಿದ್ರೂ ಅದೇ ಜಾಸ್ತಿ ಸವೆಯೋದು."

"ಆ ಪಕ್ಕದ್ದು ನಾನ ನೋಡಪಾ! ವಾರಾ ವಾರಾ ಬಸ್ಸಿನಾಗ ಸವೀತೀನಿ" ಎಂದು ನಕ್ಕೆ (ಸ್ವಲ್ಪ ಹೆಮ್ಮೆಯಿಂದಲೇ).

ಸುಜಾತ ನಗಲಿಲ್ಲ.

"ನಿಮ್ದು ಒಂದ್ಸಲ ಹೊರಡೋದು, ಒಂದ್ಸಲ ಬಂದು ಇಳಿಯೋದು. ನಾನು ಶನಿವಾರ ಸ್ಕೂಲಿಂದ ಬಂದಾಗ್ಲಿಂದ ಪ್ರತಿ ಬಸ್ಸಿನ ಸದ್ದಿಗೂ ಬಾಗ್ಲಿಗೆ ಬತ್ತೀನಿ. ನೀವಲ್ಲ ಅಂದ್ರೆ ಒಳಕ್ಕೋಗಿ ಕುಂತ್ಕತೀನಿ. ಅಷ್ಟ್ರಲ್ಲಿ ಇನ್ನೊಂದು ಬತ್ತದೆ."

ಹರೀಶ ತಲೆ ಬಗ್ಗಿಸಿಕೊಂಡು ಸಾರು ಬಡಿಸಿಕೊಂಡ.

ಸೋಮವಾರ ಬಸ್ಸು ತಿರುವು ದಾಟಿ ಅವಳು ಕಾಣದಾದ ಮೇಲೂ ಹಿಂದಕ್ಕೇ ನೋಡುತ್ತಿದ್ದೆ. ಇಳಿದು ಓಡಿಹೋಗಿಬಿಡಬೇಕು ಅನ್ನಿಸಿತು. ಒಂಬತ್ತು ವರ್ಷ ನಾನು ಬಂದ ಬಸ್ಸುಗಳನ್ನಷ್ಟೇ ಎಣಿಸಿದ್ದೆ. ನಾನಿಲ್ಲದೆ ಬಂದು ನಿಂತ ಬಸ್ಸುಗಳೆಷ್ಟೋ!

ಈಗ ಅಂಗಡಿಯಲ್ಲಿ ನಾಲ್ಕೂ ಮಿಷನ್‌ಗಳನ್ನು ನೋಡುತ್ತ ಕೂತಿದ್ದೇನೆ.

ಅಲ್ರೀ, ಮಡಕಶಿರದಲ್ಲಿ ಜನ ಪ್ಯಾಂಟು ಹಾಕುವುದಿಲ್ಲವೇ?