ಹಸಿ ಮುಳ್ಳಿಗೆ ಹಚ್ಚಿದ ಬೆಂಕಿ

ನಾಲ್ಕು ವರ್ಷಗಳ ಹಿಂದಿನ ಮಾತು. ಬಸವ ಜಯಂತಿ ಮುಗಿದು ಒಂದು ವಾರವಾಗಿತ್ತು. ನಾನು ಬಾಗಲಕೋಟೆಯ ನವನಗರದಿಂದ ಕುಳಗೇರಿ ಕ್ರಾಸ್ ಹತ್ತಿರದ ತವರೂರಿಗೆ ಹೋಗಿದ್ದೆ. ತಮ್ಮ ಮಂಜುನಾಥ ಬಾದಾಮಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಭಾನುವಾರ ಮಾತ್ರ ಹೊಲಕ್ಕೆ ಬರುತ್ತಿದ್ದ.

ಬದುವಿನಲ್ಲಿ ಬೆಳೆದಿದ್ದ ಬಳ್ಳಾರಿ ಜಾಲಿಯನ್ನು ಕಡಿದು ಆಳೆತ್ತರ ಒಟ್ಟಿದ್ದರು. ಅಂದು ಭಾನುವಾರ, ಮರುದಿನ ಹೊಲ ಉಳಲು ಟ್ರ್ಯಾಕ್ಟರ್ ಬರುವುದಿತ್ತು. ಆದರೆ ಹಿಂದಿನ ಸಂಜೆ ಮಳೆ ಹೊಡೆದು ಮುಳ್ಳೆಲ್ಲ ತೊಯ್ದಿತ್ತು.

ಮುಳ್ಳು ಸುಡುವುದರಲ್ಲಿ ನಮ್ಮಪ್ಪ ಬಹಳ ಎಚ್ಚರದ ಮನುಷ್ಯ. ಗಾಳಿ ಏಳುವ ಮುಂಚೆ, ಸುತ್ತಲಿನ ಕಸ ಕೆರೆದು, ಎರಡು ಕೊಡ ನೀರು ಇಟ್ಟುಕೊಂಡು, ಜೋಳದ ಒಣ ಸೊಪ್ಪೆಯಿಂದ ಸ್ವಲ್ಪ ಸ್ವಲ್ಪವೇ ಹಚ್ಚುತ್ತಿದ್ದರು. ಬೆಂಕಿ ಪೂರಾ ಆರುವವರೆಗೆ ಕದಲುತ್ತಿರಲಿಲ್ಲ.

"ಹಸಿ ಐತಿ, ಎರಡ ದಿನ ಒಣಗಲಿ. ನಾನ ಸುಡ್ತೇನಿ," ಅಂದರು ಅಪ್ಪ.

"ನಾಳಿ ಟ್ರ್ಯಾಕ್ಟರ್ ಬರ್ತೈತಲ್ಲ ಯಪ್ಪಾ! ನನಗ ಇವತ್ತೊಂದ ದಿನ ಬಿಡುವ ಐತಿ," ಅಂದ ಮಂಜು.

"ತಡಿ, ಅವರಿಗೆ ಬುಧವಾರ ಬರ್ರಿ ಅಂತ ಹೇಳಿ ಬರ್ತೇನಿ," ಎಂದು ಅಪ್ಪ ಊರೊಳಗೆ ಹೋದರು.

ಮಂಜು ಕಾಯಲಿಲ್ಲ. ಎರಡು ಸಲ ಹಚ್ಚಿ ನೋಡಿದ, ಬರೀ ಹೊಗೆಯಾಯಿತು. ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಬೈಕಿನಿಂದ ಪೆಟ್ರೋಲ್ ಬಸಿದು ಮುಳ್ಳಿನ ಮೇಲೆಲ್ಲ ಸುರಿದಿದ್ದ. ಕಡ್ಡಿಪೆಟ್ಟಿಗೆ ಎಲ್ಲೋ ಬಿದ್ದಿತ್ತು. ಅದನ್ನು ಹುಡುಕಿ ತಂದು, ಬಗ್ಗಿ ಕಡ್ಡಿ ಗೀರಿದ.

ಭುಗ್ಗೆಂದ ಸದ್ದು ಮಾತ್ರ ಕೇಳಿಸಿತು. ಮುಳ್ಳಿಗಿಂತ ಮೊದಲು, ಪೆಟ್ರೋಲಿನ ಆವಿ ತುಂಬಿದ್ದ ಅವನ ಸುತ್ತಲಿನ ಗಾಳಿಯೇ ಹೊತ್ತಿಕೊಂಡಂತಾಯಿತು. ಉರಿಯುತ್ತಲೇ ಓಡತೊಡಗಿದ. ನಾನು ಕೊಡ ಬಿಟ್ಟು ಕಿರುಚಿದೆ.

ಪಕ್ಕದ ಹೊಲದ ಹುಸೇನಸಾಬ್ ಕಾಕಾ ಓಡಿ ಬಂದರು. "ಓಡಬ್ಯಾಡಲೇ! ನೆಲಕ್ಕ ಬೀಳು, ಉಳ್ಳಾಡು!" ಎಂದು ಕೂಗುತ್ತಲೇ ಅವನನ್ನು ಕೆಡವಿ, ಗೋಣಿಚೀಲ ಹೊದಿಸಿ, ಎರಡೂ ಕೈಯಿಂದ ಬೆಂಕಿ ಅಮುಕಿದರು. ಆಮೇಲೆ ನನ್ನ ಕಡೆ ತಿರುಗಿ, "ನೀರ ಹಾಕವ್ವಾ, ಹಾಕ್ಕೋತ ಇರು," ಅಂದರು. ಅವರ ಅಂಗೈ ಚರ್ಮ ಸುಲಿದು ಹೋಗಿತ್ತು.

ಅವರ ಮಗನ ಟಂಟಂ ಆಟೋದಲ್ಲಿ ಮಂಜುವನ್ನು ಮಲಗಿಸುವಾಗ ಅಪ್ಪ ಬಂದರು. ಏನಾಗಿದೆ ಎಂದು ತಿಳಿಯುವ ಮೊದಲೇ ದೂರದಿಂದ ಕೂಗಿ ಹೇಳಿದರು: "ಮಂಜೂ, ಬುಧವಾರ ಬರ್ತಾರಂತಪಾ!"

ಬಾದಾಮಿಯಿಂದ ಬಾಗಲಕೋಟೆಯ ದವಾಖಾನೆಗೆ ಕಳಿಸಿದರು. ಅಲ್ಲಿ ಮರುದಿನ ಮಂಜು ಒಮ್ಮೆ ಕಣ್ಣು ತೆರೆದು, "ಅಕ್ಕಾ, ಕಾಕಾನ ಕೈ ಹೆಂಗ ಅದಾವ?" ಅಂದ.

"ಆರಾಮ ಅದಾವಪಾ," ಅಂದೆ. ಕಾಕಾ ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವನ ಕೊನೆಯ ಮಾತು ಅದೇ. ಆ ವಾರ ಕಳೆಯುವ ಮೊದಲೇ ಹೋಗಿಬಿಟ್ಟ.

ಮಣ್ಣು ಕೊಡುವಾಗ ಕಾಕಾಗೆ ಒಂದು ಹಿಡಿ ಮಣ್ಣು ಎತ್ತಲೂ ಆಗಲಿಲ್ಲ. ಅಪ್ಪನೇ ಅವರ ಹೆಸರಿನಲ್ಲಿ ಇನ್ನೊಂದು ಹಿಡಿ ಹಾಕಿದರು.

ಈಗಲೂ ಬೇಸಿಗೆಯಲ್ಲಿ ಊರಿಗೆ ಹೋಗುವಾಗ ರಸ್ತೆಯುದ್ದಕ್ಕೂ ಹೊಲಗಳಲ್ಲಿ ಹೊಗೆ ಏಳುತ್ತಿರುತ್ತದೆ. ಬಸ್ಸಿನಲ್ಲಿ ಎಲ್ಲರೂ ತಮ್ಮ ಪಾಡಿಗೆ ಇರುತ್ತಾರೆ. ನಾನು ಮಾತ್ರ ಕಿಟಕಿಗೆ ಮುಖ ಒತ್ತಿ, ಆ ಹೊಗೆಯ ಪಕ್ಕದಲ್ಲಿ ಒಬ್ಬ ಮನುಷ್ಯ ಏನೂ ಆಗದೆ ನಿಂತಿರುವುದು ಕಾಣುವವರೆಗೂ ಕತ್ತು ತಿರುಗಿಸಿ ನೋಡುತ್ತಲೇ ಇರುತ್ತೇನೆ.