ಮಲಗಿಸಿದ ಸಿಪಾಯಿ

ನನ್ನ ಮೈದುನ ಸೈನ್ಯದಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದ. ಒಂದು ಠಾಣ್ಯದಿಂದ ಇನ್ನೊಂದಕ್ಕೆ ಕಾಗದಪತ್ರ ಮುಟ್ಟಿಸುವುದು ಅವನ ಕೆಲಸ. ಎಪ್ಪತ್ತೊಂದರ ಮಳೆಗಾಲದಲ್ಲಿ ರಜೆಯ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದವನು ತನ್ನ ಅಣ್ಣನಿಗೆ ಟಾರ್ಚು, ಅವ್ವನಿಗೆ ಕಂಬಳಿ ತಂದಿದ್ದ. ಅವುಗಳ ಜೊತೆಗೆ ಒಂದು ರಟ್ಟಿನ ಡಬ್ಬವಿತ್ತು. ವಿದೇಶಕ್ಕೆ ಹೋಗಿಬಂದ ಸಾಹೇಬರೊಬ್ಬರು ಕೊಟ್ಟದ್ದಂತೆ. ಮುಚ್ಚಳದ ಮೇಲಿನ ಚಿತ್ರದಲ್ಲಿ ಒಂದು ಬೈಕು, ಅದರ ಮೇಲೊಬ್ಬ ಸವಾರ, ಪಕ್ಕದಲ್ಲಿ ಬಂದೂಕು ಹೊತ್ತು ನಡೆಯುವ ಸಿಪಾಯಿ. ತೆರೆದು ನೋಡಿದರೆ ಬೈಕೂ ಇಲ್ಲ, ಮನುಷ್ಯರೂ ಇಲ್ಲ. ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಕೈ, ಕಾಲು, ತಲೆ, ಚಕ್ರ.

"ಇದೇನಪ್ಪ, ಕೈಕಾಲು ಮುರ್ಕಂಡೋರ್ನ ಕಟ್ಕಂಡ್ ಬಂದಿದ್ದೀಯ?" ಅಂದೆ.

"ನಾವೇ ಜೋಡುಸ್ಬೇಕು ಕಣತ್ಗೆ. ನನ್ ಬೆಳ್ಳು ದಪ್ಪ. ನಿಮ್ದು ಊ ಕಟ್ಟೋ ಕೈ, ನೀವು ಮಾಡಿ, ನಾನು ಏಳ್ತೀನಿ."

ಹೇಳುವವನಿಗೇನು ಕಷ್ಟ! ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಮೊರದ ಮುಂದೆ ಕೂರುತ್ತಿದ್ದೆವು. ಸಣ್ಣ ಚೂರುಗಳು ಉರುಳಿ ಹೋಗಬಾರದೆಂದು ಎಲ್ಲವನ್ನೂ ಮೊರದಲ್ಲೇ ಇಟ್ಟಿದ್ದೆ. ಅವನು ಡಬ್ಬದಲ್ಲಿದ್ದ ಚೀಟಿಯ ಚಿತ್ರ ನೋಡಿ ಹೇಳುತ್ತಿದ್ದ, ನಾನು ಹಳೆಯ ಬ್ಲೇಡಿನಿಂದ ಬಿಡಿಸಿ, ಹೇರ್‌ಪಿನ್ನಿನ ತುದಿಗೆ ಅಂಟು ತಾಗಿಸಿ ಕೂಡಿಸುತ್ತಿದ್ದೆ. ಆ ಅಂಟಿನ ವಾಸನೆಗೆ ತಲೆ ಗಿರ್ರೆನ್ನುತ್ತಿತ್ತು. ಒಮ್ಮೆ ಸವಾರನ ಎಡಗೈಯನ್ನು ಬಲಕ್ಕೆ ಅಂಟಿಸಿ ಮೈದುನನಿಂದ ಚೆನ್ನಾಗಿ ಬೈಸಿಕೊಂಡೆ. ಅವನಿಗೂ ಚೆನ್ನಾಗಿ ಬೈದೆ. ಅಷ್ಟು ನಕ್ಕಿದ್ದು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಸವಾರನನ್ನು ಬೈಕಿಗೆ ಅಂಟಿಸಲಿಲ್ಲ, ಬೇಕೆಂದಾಗ ಇಳಿಸಲು ಬರಲಿ ಎಂದು ಹಾಗೆಯೇ ಬಿಟ್ಟೆವು. ರಜೆ ಮುಗಿದು ಹೊರಡುವ ಹಿಂದಿನ ದಿನ ಮೈದುನ ಕಡ್ಡಿಯ ತುದಿಯಲ್ಲಿ ಕಪ್ಪು ಬಣ್ಣ ಅದ್ದಿ ಆ ಸವಾರನಿಗೆ ತನ್ನಂಥದೇ ಮೀಸೆ ಬರೆದ. ಅಂದಿನಿಂದ ಅತ್ತೆಗೆ ಅದು ಗೊಂಬೆಯಾಗಿ ಉಳಿಯಲಿಲ್ಲ. ದಿನಾ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದರು.

ದಸರೆಗೆ ಗೊಂಬೆ ಕೂರಿಸುವಾಗ ಅದನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲೇ ಇಡಿಸಿದರು. ಆಯುಧಪೂಜೆಯ ದಿನ ಬೈಕಿಗೆ ಕುಂಕುಮವೂ ಆಯಿತು. ಚಕ್ರಕ್ಕಿಂತ ನಿಂಬೆಹಣ್ಣೇ ದೊಡ್ಡದಾದ್ದರಿಂದ ಸುಂಡೆಕಾಯಿ ಇಟ್ಟೆ. ಆರತಿಗೆ ಬಂದ ಹೆಂಗಸರೆಲ್ಲ ಬೇರೆ ಗೊಂಬೆಗಳನ್ನು ಬಿಟ್ಟು ಅದನ್ನೇ ನೋಡಿ ಹೋದರು. ನನಗೂ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಅರಕೆರೆಯ ನನ್ನ ತವರಿನಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಎಲ್ಲವನ್ನೂ ಅತ್ತೆಯಿಂದಲೇ ಕಲಿತವಳು ನಾನು. ವಿಜಯದಶಮಿಯ ಸಂಜೆ ಆರತಿ ಎತ್ತಿದ ಮೇಲೆ ಒಂದು ಗೊಂಬೆಯನ್ನಾದರೂ ಮಲಗಿಸಬೇಕು, ಆಮೇಲೇ ಉಳಿದವನ್ನು ಇಳಿಸಿ ಪೆಟ್ಟಿಗೆಗೆ ಹಾಕುವುದು. ಆ ವರ್ಷ ಹೊಸದಾಗಿ ಬಂದ ಗೊಂಬೆಯನ್ನೇ ಮಲಗಿಸುವುದು ಅವರ ಮನೆಯ ಕ್ರಮ. ಹೊಸದು ಯಾವುದು? ಕೈ ತಾನಾಗಿ ಹೋಗಿ ಸವಾರನನ್ನು ಬೈಕಿನಿಂದ ಇಳಿಸಿ ಅಂಗಾತ ಮಲಗಿಸಿತು.

ಹಾಲು ಹಿಡಿದು ಬಂದ ಅತ್ತೆ ನೋಡಿದರು. ಲೋಟ ಕೆಳಗೆ ಬಿತ್ತು.

"ಏನಮ್ಮೀ ಮಾಡ್ಬುಟ್ಟೆ! ನನ್ ಮಗನ್ನ ಮಲಗ್ಸ್‌ಬುಟ್ಯಲ್ಲ!"

ಗಡಿಯಲ್ಲಿ ಯುದ್ಧವಾಗುತ್ತದೆಂದು ಊರೆಲ್ಲ ಮಾತಾಡುತ್ತಿದ್ದ ದಿನಗಳವು. ಸವಾರನನ್ನು ಎತ್ತಿ ಮತ್ತೆ ಬೈಕಿನ ಮೇಲೆ ಕೂರಿಸಿದೆ.

"ಯಾರಾರ ಒಬ್ರು ಮಲೀಕಬೇಕಲ್ಲ," ಎಂದು ಅತ್ತೆ ಅಳುತ್ತಲೇ ಅಂದರು. ಹೊಸದೆಂದು ಉಳಿದಿದ್ದವನು ಬೈಕಿನ ಪಕ್ಕ ನಿಲ್ಲಿಸಿದ್ದ, ಅದೇ ಡಬ್ಬದ ಇನ್ನೊಬ್ಬ ಸಿಪಾಯಿ. ಬಂದೂಕಿನ ಸಮೇತ ಅವನನ್ನು ಮಲಗಿಸಿದೆ. ಮನಸ್ಸಿನಲ್ಲೇ, "ನೀನು ಯಾರ ಮಗನೋ ಏನೋ, ನಮ್ಮವನ ಬದಲು ನೀನು ಮಲಗಪ್ಪ," ಅಂದುಕೊಂಡೆ. ಅಂದುಕೊಂಡು ನಿರಾಳವಾದೆ.

ಚಳಿಗಾಲದಲ್ಲಿ ಯುದ್ಧ ಶುರುವಾಯಿತು. ಮೈದುನನಿಂದ ಸುದ್ದಿಯಿಲ್ಲ. ಅತ್ತೆ ನನ್ನೊಡನೆ ಮಾತು ಬಿಟ್ಟರು, ನಾನು ಬಡಿಸಿದರೆ ಉಣ್ಣುತ್ತಿರಲಿಲ್ಲ. ಅಂಗಡಿಯ ರೇಡಿಯೋ ಮುಂದೆ ನನ್ನ ಗಂಡ ಕೂತರೆ ಏಳುತ್ತಿರಲಿಲ್ಲ. ಪ್ಲಾಸ್ಟಿಕ್ ಚೂರು ಯಾರ ಆಯುಸ್ಸನ್ನೂ ತಿನ್ನುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ದೀಪ ಹಚ್ಚುವಾಗ ಬಾಯಿಗೆ ಒಂದೇ ಮಾತು ಬರುತ್ತಿತ್ತು: ಯಾರಿಗೆ ಏನಾದರೂ ಆಗಲಿ, ನಮ್ಮವನು ಬಂದರೆ ಸಾಕು.

ಬಂದ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಟ್ರಂಕು ಹೊತ್ತು ಬಾಗಿಲಲ್ಲಿ ನಿಂತಿದ್ದ. ಅತ್ತೆ ಅವನ ಮುಖ ಮೂತಿ ಸವರಿ, ತಿರುಗಿ ನನ್ನ ಕೈಯನ್ನೂ ಹಿಡಿದುಕೊಂಡರು. ಮನೆಯಲ್ಲಿ ಪಾಯಸ ಆಯಿತು. ಅವನು ಮಾತ್ರ ತುತ್ತು ಎತ್ತಲಿಲ್ಲ.

"ನನ್ ಜೊತೆಲೇ ಸೇರ್ದೋನು ಅತ್ಗೆ, ನಾಗಮಂಗ್ಲದ ಕಡೆಯೋನು. ನಾನು ಕಾಗ್ದ ಕೊಟ್ಟು ಬರೋಕೆ ಅಂತ ಗಾಡೀಲಿ ಓಗಿದ್ದೆ. ಅವ್ನು ಬಂದೂಕ ಇಡ್ಕಂಡು ಕಾವ್ಲಿಗೆ ನಿಂತಿದ್ದ. ಬಂದ್ ನೋಡುದ್ರೆ..."

ನಾನು ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದೆ. ಎಷ್ಟು ಹೊತ್ತು ತೊಳೆದೆನೋ.

ಆ ವಾರವೇ ಅವನು ಸ್ನೇಹಿತನ ಮನೆಗೆ ಹೊರಟ. ಜೊತೆಗೆ ಹೆಂಗಸೊಬ್ಬಳು ಇರಲೆಂದು ಅತ್ತೆ ನನ್ನನ್ನು ಕಳಿಸಿದರು. ಒಲ್ಲೆ ಎನ್ನಲು ಕಾರಣ ಹೇಗೆ ಹೇಳಲಿ? ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ನಾಗಮಂಗಲದಲ್ಲಿಳಿದು, ಅಲ್ಲಿಂದ ಹಳ್ಳಿಗೆ ನಡೆದೆವು. ದಾರಿಯುದ್ದಕ್ಕೂ, ಸತ್ತವನ ತಾಯಿ ನನ್ನ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಬಿಡುತ್ತಾರೆ ಎಂದು ಹೆದರಿದ್ದೆ.

ಅವರಿಗೇನೂ ತಿಳಿಯಲಿಲ್ಲ. ಮೈದುನನನ್ನು ತಬ್ಬಿಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಬೆಲ್ಲದ ಕಾಫಿ ಕಾಸಿ ತಂದು ನನ್ನ ಪಕ್ಕದಲ್ಲಿ ಕೂತರು.

"ನೀನು ಯಾವ್ ದೇವ್ರಿಗೆ ಅರಕೆ ಕಟ್ಕಂಡಿದ್ದೆ ತಾಯಿ?"

ಯಾವ ದೇವರ ಹೆಸರನ್ನೂ ನಾನು ಹಿಡಿದಿರಲಿಲ್ಲ. "ಮೇಲುಕೋಟೆ ಸ್ವಾಮಿಗೆ," ಅಂದುಬಿಟ್ಟೆ.

"ನಾನೂವೆ ಆ ಸ್ವಾಮಿಗೇ ಕಟ್ಕಂಡಿದ್ದೆ ಕಣವ್ವ. ಓಗ್ಲಿ ಬುಡು, ನಿಂದ್ನಾದ್ರೂ ಕೇಳುಸ್ಕಂಡ್ನಲ್ಲ," ಎಂದು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.