ದಾಬ ಜಾಸ್ತಿ ಐತಿ!

ಎರಡು ವರ್ಷದ ಹಿಂದಿನ ಫೆಬ್ರುವರಿ ಕೊನೆಯ ವಾರ. ಶನಿವಾರವೇ ಇರಬೇಕು, ಏಕೆಂದರೆ ಮರುದಿನ ನನಗೆ ರಜೆ ಇತ್ತು. ಬೆಳಗಾವಿಯ ಆಟೋ ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಹವಾಮಾನದ ನಕ್ಷೆ ನೋಡುವುದು ನನ್ನ ಹುಚ್ಚು. ಒಂದೇ ಆ್ಯಪ್ ನಂಬುವವಳಲ್ಲ. ನಾಲ್ಕು ಮಾಡೆಲ್‌ಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ನೋಡುತ್ತೇನೆ.

ಖಾನಾಪುರದಲ್ಲಿ ನನ್ನ ಸೋದರಮಾವನ ಇಟ್ಟಂಗಿ ಭಟ್ಟಿ ಇದೆ. ಆ ವಾರ ಹೊಳೆದಂಡೆಯ ಬಯಲಿನಲ್ಲಿ ಇಪ್ಪತ್ತು ಸಾವಿರ ಹಸಿ ಇಟ್ಟಂಗಿ ಒಣಗಲು ಹಾಕಿದ್ದರು. ಮಳೆ ಬಿದ್ದರೆ ಅಷ್ಟೂ ಮತ್ತೆ ಕೆಸರು. ಮುಚ್ಚಿಟ್ಟರೆ ಒಣಗುವುದಿಲ್ಲ, ನಾಲ್ಕು ದಿನದಲ್ಲಿ ಒಣಗಿ ಭಟ್ಟಿ ಏರದಿದ್ದರೆ ಆಮೇಲೆ ಏರಿಸುವವರಿಲ್ಲ, ಕೆಲಸದವರು ಮದುವೆಗೆಂದು ಊರಿಗೆ ಹೊರಡುವವರಿದ್ದರು. ಮಾಮಾನ ಫೋನಿನಲ್ಲಿ ಭಾನುವಾರಕ್ಕೆ ಮಳೆಹನಿಯ ಚಿತ್ರ ಬಂದಿತ್ತು. "ಏನ ಮಾಡ್ಲಿ, ಮುಚ್ಲೋ ಬಿಡ್ಲೋ?" ಎಂದು ನನಗೆ ಫೋನ್ ಮಾಡಿದರು.

ನೋಡಿದೆ. ಒಂದು ಮಾಡೆಲ್ ಮಾತ್ರ ಘಟ್ಟದ ಅಂಚಿನಲ್ಲಿ ಒಂದಿಷ್ಟು ಮಳೆ ತೋರಿಸುತ್ತಿತ್ತು. ಉಳಿದ ಮೂರರಲ್ಲಿ ನಮ್ಮ ಮೇಲೆ ಹೆಚ್ಚಿನ ಒತ್ತಡದ, ನಮ್ಮ ಮಾತಿನಲ್ಲಿ ಜಾಸ್ತಿ ದಾಬಿನ, ಗಾಳಿ ಗಟ್ಟಿಯಾಗಿ ಕುಳಿತಿತ್ತು. ಅಂಥ ಗಾಳಿ ಮೇಲಿನಿಂದ ಕೆಳಗಿಳಿಯುತ್ತದೆ, ಮೋಡವನ್ನು ಬೆಳೆಯಲು ಬಿಡುವುದಿಲ್ಲ. ಖುಷಿಯಲ್ಲಿ, ಯಂತ್ರಗಳ ಗದ್ದಲದ ನಡುವೆಯೇ ಕೂಗಿದೆ: "ಮಾಮಾ, ದಾಬ ಜಾಸ್ತಿ ಐತಿ! ಐದ ದಿನಾ ಹಂಗಽ ಇರತೈತಿ!"

"ಆತ ಆತ," ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಶಭಾಷ್ ಗಿಟ್ಟಿಸಲು ಬಸ್ ಹತ್ತಿ ಹೋದರೆ, ಬಯಲಿಗೆ ಬಯಲೇ ಕಪ್ಪು ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ! ಸುತ್ತ ಹೊಳೆಯಿಂದೆದ್ದ ದಟ್ಟ ಮಂಜು.

"ಯಾಕ ಮುಚ್ಚೀರಿ?"

"ನೀನಽ ಹೇಳಿದ್ಯಲ್ಲ, ದಾಬ ಜಾಸ್ತಿ ಐತಿ ಅಂತ!"

ಆಗ ಹೊಳೆಯಿತು. ಮಾಮಾ ನೋಡುವುದು ಮರಾಠಿ ಸುದ್ದಿ. ಅದರಲ್ಲಿ 'ಕಮಿ ದಾಬಾಚಾ ಪಟ್ಟಾ', ಅಂದರೆ ಕಡಿಮೆ ಒತ್ತಡದ ಪಟ್ಟಿ, ಎಂದಾಗಲೆಲ್ಲ ಮಳೆ ಬಂದಿದೆ. ಕಮಿ ದಾಬಿಗೇ ಅಷ್ಟು ಮಳೆಯಾದರೆ ಜಾಸ್ತಿ ದಾಬಿಗೆ ಎಷ್ಟಾಗಬೇಡ ಎಂದು ಅವರು ಅಂದಾಜು ಕಟ್ಟಿದ್ದರು!

"ಅಯ್ಯ, ಉಲ್ಟಾ ರೀ ಮಾಮಾ! ದಾಬ ಜಾಸ್ತಿ ಅಂದ್ರ ಬಿಸಲ!"

"ಎಲ್ಲೈತಿ ಬಿಸಲ, ತೋರ್ಸು. ಬಾಜೂಕ ನಿಂತ ಎಮ್ಮಿ ಕಾಣವಲ್ದು."

ತಾಡಪತ್ರಿ ಎತ್ತಿದೆ. ಒಳಗೆಲ್ಲ ಬೆವರು, ಅಂಚಿನ ಸಾಲಿನ ಇಟ್ಟಂಗಿ ಮೆತ್ತಗಾಗಿದ್ದವು. ಇನ್ನೊಂದೆರಡು ತಾಸು ಹೀಗೇ ಬಿಟ್ಟರೆ ಒಳಸಾಲುಗಳೂ ಹೋಗುತ್ತಿದ್ದವು. ಫೋನ್ ತೆಗೆದೆ. ಬೆಳಗಿನ ಹೊಸ ನಕ್ಷೆಯಲ್ಲಿ ಆ ನಾಲ್ಕನೆಯ ಮಾಡೆಲ್ ಕೂಡ ಮಳೆಯನ್ನು ಕೈಬಿಟ್ಟಿತ್ತು! ನಾಲ್ಕರದೂ ಒಂದೇ ಮಾತು! ಕುಣಿಯುವಂತಾಯಿತು. ಆದರೆ ಈ ಮಂಜನ್ನು ನಾಲ್ಕರಲ್ಲಿ ಒಂದೂ ಹೇಳಿರಲಿಲ್ಲ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಹೊಳೆದಂಡೆಗೆ ಮಂಜು ಕಟ್ಟುತ್ತದೆ, ಬಿಸಿಲೇರಿದಂತೆ ಕರಗುತ್ತದೆ ಎಂದು ಓದಿದ್ದೆ. ಓದಿದ್ದೆ, ಅಷ್ಟೇ.

"ತಗೀರಿ ಮಾಮಾ. ನನ್ನ ಮ್ಯಾಲೆ ಬಿಡ್ರಿ," ಎಂದೆ.

ಮಾಮಾ ಆಕಾಶ ನೋಡುತ್ತ ನಿಂತರು. ಅವರ ಹೆಂಡತಿ, ನನ್ನ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಏನ್ರೀ, ಆಕಿ ಮಾತ ತಿಳೀಲಾರದ ಮುಚ್ಚಿದ್ರಿ. ಈಗರೆ ತಿಳಕೊಂಡ ತಗೀರಿ!" ಎಂದು ಮೊದಲ ತಾಡಪತ್ರಿಯನ್ನು ಎಳೆದೇಬಿಟ್ಟರು.

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ಕೊನೆಯ ತಾಡಪತ್ರಿ ಎಳೆದದ್ದೇ ತಡ, ಸೂರ್ಯ ಬಂದ. ಸುಳ್ಳು. ಆ ದಿನ ತೆಗೆದ ಫೋಟೋಗಳ ಸಮಯ ನೋಡಿದರೆ ನಡುವೆ ಒಂದೂವರೆ ತಾಸು ಇದೆ. ಅಷ್ಟು ಹೊತ್ತು ಏನು ಮಾಡಿದೆವು? ಚಹಾ ಕುಡಿದೆವೆಂದು ಅತ್ತೆ, ಇಟ್ಟಂಗಿ ತಿರುವಿ ಹಾಕಿದೆವೆಂದು ಮಾಮಾ. ನನಗೆ ನೆನಪಿರುವುದು ತೋಳಿನ ಮೇಲೆ ಬಿದ್ದ ಒಂದು ತಣ್ಣನೆಯ ಹನಿ. ಮಳೆಯೇ? ತಲೆಯೆತ್ತಿದರೆ, ಮಂಜಿಗೆ ತೊಯ್ದ ಮಾವಿನೆಲೆ.

ಆಮೇಲೆ ಬಿಸಿಲು! ಇಪ್ಪತ್ತು ಸಾವಿರ ಇಟ್ಟಂಗಿಗಳಿಂದ ಒಟ್ಟಿಗೇ ಹಬೆ ಎದ್ದಿತು. ಮಾಮಾ ಟವೆಲ್ ತಿರುಗಿಸುತ್ತ ಸಾಲುಗಳ ನಡುವೆ ಓಡಾಡಿದರು. ನಾಲ್ಕು ದಿನ ಒಂದು ಹನಿ ಬೀಳಲಿಲ್ಲ. ಅಂಚಿನ ಸಾಲು ಹಾಳಾಯಿತು. ಉಳಿದದ್ದೆಲ್ಲ ಭಟ್ಟಿ ಏರಿತು.

ನಾನು ಹೊರಡುವಾಗ ಅತ್ತೆ ಮೆಲ್ಲಗೆ ಕೇಳಿದರು: "ಖರೇ ಹೇಳ, ಹೆದರಿದ್ದಿಲ್ಲೇನ?"

"ಭಾಳ ಹೆದರಿದ್ದೆ ಅತ್ತಿ."

"ಗೊತ್ತಿತ್ತ ನನಗ. ನೀ ಮಾತ ತಿರುಗ್ಸೂದರೊಳಗ ಎಳದಬಿಡೂಣು ಅಂತ ಎಳದೆ!"

ಮನೆಯಲ್ಲಿ ಈಗ ಇದು ನನ್ನ ಗೆಲುವಿನ ಕಥೆ. ಹಾಳಾದ ಆ ಸಾಲಿನ ಮಾತನ್ನು ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ. ಇಂದಿಗೂ ಯಾರಾದರೂ ನಾಳೆಯ ಹವಾಮಾನ ಕೇಳಿದರೆ ಕೈ ನಕ್ಷೆಯತ್ತ ಓಡುತ್ತದೆ. ಅದನ್ನು ತಡೆದು ಮೊದಲು ಕೇಳುತ್ತೇನೆ: "ಬಯಲಿಗೆ ಏನ ಇಟ್ಟೀರಿ?"